ಹೆಗಲ ಮೇಲಿನ ಕಾಲು

ಮಲ್ಲೇಶ ಚಪ್ಪಲಿ ಬಿಟ್ಟು ಗಾಡಿ ಹತ್ತಿದ್ದನ್ನು ಪುಟ್ಟಪ್ಪ ಕಡೆಗಣ್ಣಿನಲ್ಲೇ ನೋಡಿದ. ನೆಗೆದು ಓಡಬೇಕೆಂದಿರುವವನು ಮೊದಲು ಕಾಲು ಹಗುರ ಮಾಡಿಕೊಳ್ಳುತ್ತಾನೆ ಎಂದುಕೊಂಡ.

ಕಾರ್ಗಿಲ್ ಯುದ್ಧ ಮುಗಿದು ಆರು ತಿಂಗಳಾಗಿತ್ತು. ಸೈನ್ಯದವರು ಕೆಲಸಕ್ಕೆ ಬಾರದು ಎಂದು ಬರೆದು ಹರಾಜು ಹಾಕಿದ ಸಾಮಾನಿನ ಜೊತೆಗೆ ಒಂದು ಸಣ್ಣ ಕವಚದ ಗಾಡಿ ಭದ್ರಾವತಿಯ ಗುಜರಿ ಅಂಗಳಕ್ಕೆ ಬಂದಿತ್ತು. ನಾಲ್ಕು ರಬ್ಬರ್ ಚಕ್ರ, ಎಮ್ಮೆಯ ಹೊಟ್ಟೆಯಂಥ ಒಡಲು, ಒಡಲಿನ ಸುತ್ತ ಬೆರಳು ದಪ್ಪದ ಉಕ್ಕು. ಬಂದೂಕು ಕಿತ್ತು ಕಳಿಸಿದ್ದರು. ಬಂದೂಕು ಇದ್ದ ಕಡೆ, ನೆತ್ತಿಯಲ್ಲಿ, ಒಬ್ಬ ಆಳು ನಿಲ್ಲುವಷ್ಟು ದುಂಡನೆಯ ಬಾಯಿ ಉಳಿದಿತ್ತು. ಕುಲುಮೆಗೆ ಹೋಗಬೇಕಾದ ಈ ಗಾಡಿಯನ್ನು ಶಿವಮೊಗ್ಗ ಗಾಂಧಿ ಬಜಾರಿನ ದಿನಸಿ ವ್ಯಾಪಾರಿ ಷಡಕ್ಷರಪ್ಪನವರು ನೋಡಿ, ಬಿಡಿಸಿಕೊಂಡರು. ಜನವರಿ ಇಪ್ಪತ್ತಾರಕ್ಕೆ ತಮ್ಮ ಅಂಗಡಿಬೀದಿಯ ತುದಿಯ ಖಾಲಿ ಜಾಗದಲ್ಲಿ ಕಟ್ಟೆ ಕಟ್ಟಿಸಿ, ಅದರ ಮೇಲೆ ಇದನ್ನು ನಿಲ್ಲಿಸಿ, ಹಾರ ಹಾಕಿಸಬೇಕೆಂಬುದು ಅವರ ಆಸೆ.

"ಲಾರಿ ಮೇಲೆ ಹೇರ್ಕೊಂಡು ಹೆಣದ ಥರ ತರೋದು ಬೇಡ. ಓಡ್ಕೊಂಡು ಬರ್ಬೇಕು. ಜನ ನೋಡ್ಬೇಕು" ಎಂದಿದ್ದರು ಅವರು.

ಓಡಿಸುವವರು ಯಾರು? ಅಂಗಳದ ಲಾರಿ ಡ್ರೈವರುಗಳು ಒಬ್ಬೊಬ್ಬರೇ ಒಳಗೆ ಕೂತು ನೋಡಿ ಕೈ ಒದರಿ ಇಳಿದರು. ಸ್ಟೇರಿಂಗು ಅಂಗಾತ ಮಲಗಿದಂತೆ ಮುಂದಕ್ಕೆ ಬಾಗಿತ್ತು. ಗೇರನ್ನು ಮೊದಲು ಆರಿಸಿ ಇಟ್ಟುಕೊಂಡು, ಆಮೇಲೆ ಕಾಲಿನ ಪೆಡಲು ಒತ್ತಿದರಷ್ಟೇ ಅದು ಬೀಳುತ್ತಿತ್ತು. ಇಂಥದನ್ನು ಸೈನ್ಯದಲ್ಲಿ ಹನ್ನೊಂದು ವರ್ಷ ಓಡಿಸಿ ಬಂದವನು ಇಡೀ ತಾಲೂಕಿಗೆ ಒಬ್ಬನೇ. ಅವನು ಜನ್ನಾಪುರದ ಪುಟ್ಟಪ್ಪ.

ಆದರೆ ಜನ್ನಾಪುರ ಅದನ್ನು ನಂಬಿರಲಿಲ್ಲ. ಎರಡು ವರ್ಷದಿಂದ ನಂಬಿರಲಿಲ್ಲ.

ಎರಡು ವರ್ಷದ ಹಿಂದೆ ಪುಟ್ಟಪ್ಪ ಷಡಕ್ಷರಪ್ಪನವರದೇ ಅಕ್ಕಿಗಿರಣಿಯ ಟ್ರ್ಯಾಕ್ಟರಿನ ಡ್ರೈವರಾಗಿದ್ದ. ಒಂದು ಮಧ್ಯಾಹ್ನ ಭತ್ತದ ಲೋಡನ್ನು ಹಿಂದಕ್ಕೆ ತರುತ್ತಿದ್ದಾಗ, ಹಿಂದೆ ನಿಂತು "ಬರ್ಲಿ, ಬರ್ಲಿ" ಎನ್ನುತ್ತಿದ್ದವನು ಇದೇ ಮಲ್ಲೇಶ, ಗಿರಣಿಯ ಮೇಸ್ತ್ರಿ. "ಬರ್ಲಿ" ಎಂಬ ಕೂಗು ನಡುವೆ ನಿಂತುಹೋಯಿತು. "ನಿಲ್ಸು" ಎಂಬುದು ಬರಲೇ ಇಲ್ಲ. ಟ್ರೇಲರು ಗೋಡೆಗೆ ಹೊಡೆದು, ಗೋಡೆ ಹಮಾಲಿ ನರಸಿಂಹಮೂರ್ತಿಯ ಕಾಲ ಮೇಲೆ ಬಿತ್ತು. ಕಾಲು ಕೂಡಿಕೊಂಡರೂ ಅವನ ನಡಿಗೆ ಮೊದಲಿನಂತಾಗಲಿಲ್ಲ. "ನಾನು ನಿಲ್ಸು ಅಂತ ಬಡ್ಕೊಂಡೆ, ಅವ್ನು ಕೇಳ್ಲಿಲ್ಲ" ಎಂದು ಮಲ್ಲೇಶ ಹೇಳಿದ. ಟ್ರ್ಯಾಕ್ಟರಿನ ಸೀಟು ಮಲ್ಲೇಶನ ತಂಗಿಯ ಗಂಡನಿಗೆ ಹೋಯಿತು. ಪುಟ್ಟಪ್ಪನ ಕೈಗೆ ಆಮೇಲೆ ಯಾರೂ ಬೀಗದ ಕೈ ಕೊಡಲಿಲ್ಲ. ಊರಿನವರ ಮಾತು ಬೇರೆ: "ಮಿಲಿಟ್ರೀಲಿ ಅಡುಗೆ ಮಾಡ್ತಿದ್ದ ಅಂತ ಕಾಣುತ್ತೆ ಕಣ್ರೀ. ಡ್ರೈವರ್ ಅಂತ ಬಾಯಲ್ಲಿ ಹೇಳೋಕೆ ತೆರಿಗೆ ಇದ್ಯಾ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆದರೆ ಇಲ್ಲಿ ಎತ್ತು ಬೇಕೆಂದೇ ಮಲಗಿತ್ತು ಎಂಬುದು ಪುಟ್ಟಪ್ಪನ ಅನುಮಾನ. ತಂಗಿಯ ಗಂಡನಿಗೆ ಸೀಟು ಕೊಡಿಸಲು ಮಲ್ಲೇಶ ಬಾಯಿ ಮುಚ್ಚಿಕೊಂಡ. ಬೇರೆ ಕಾರಣ ಏನಿರಲು ಸಾಧ್ಯ?

ಈಗ ಷಡಕ್ಷರಪ್ಪನವರೇ ಹೇಳಿಕಳಿಸಿದ್ದರು. "ಒಂದು ಗೀರೂ ಇಲ್ದಂಗೆ ಗಾಡೀನ ಗಾಂಧಿ ಬಜಾರಿಗೆ ತಂದು ನಿಲ್ಸು. ಟ್ರ್ಯಾಕ್ಟರ್ ನಿಂದೇ. ಆದ್ರೆ ಮಲ್ಲೇಶ ಮೇಲಿರ್ತಾನೆ. ನನ್ನ ಕಣ್ಣು ಅಂತ ತಿಳ್ಕೊ."

ಕಣ್ಣು ಬೇಕೇ ಬೇಕಿತ್ತು. ಹರಾಜಿಗೆ ಹಾಕುವ ಮೊದಲು ಸೈನ್ಯದವರು ಅಕ್ಕಪಕ್ಕದ ಕಿಂಡಿಗಳನ್ನು ಬೆಸೆದುಬಿಟ್ಟಿದ್ದರು. ಮುಂದಿನ ಕಿಂಡಿಯ ಮುಚ್ಚಳ ತುಕ್ಕು ಹಿಡಿದು, ಎಷ್ಟು ಬಡಿದರೂ ನಾಲ್ಕು ಬೆರಳಿನಷ್ಟೇ ತೆರೆಯಿತು. ಅದರಲ್ಲಿ ಎದುರಿನ ರಸ್ತೆಯ ಒಂದು ಪಟ್ಟಿ ಕಾಣುತ್ತಿತ್ತು, ಅಷ್ಟೇ. ಎಡಕ್ಕೆ ಏನಿದೆ, ಬಲಕ್ಕೆ ಯಾರಿದ್ದಾರೆ ಎಂಬುದನ್ನು ನೆತ್ತಿಯ ಬಾಯಲ್ಲಿ ನಿಂತವನು ನೋಡಿ ಹೇಳಬೇಕು. ಬಾಯಲ್ಲಿ ಹೇಳಿದರೆ ಇಂಜಿನಿನ ಸದ್ದಿಗೆ ಕೇಳಿಸದು. ಅದಕ್ಕೆ ಸೈನ್ಯದಲ್ಲಿ ಹಳೆಯ ಪದ್ಧತಿಯೊಂದಿತ್ತು. ಮೇಲೆ ನಿಂತವನ ಕಾಲಿನ ಹತ್ತಿರವೇ ಕೆಳಗೆ ಕೂತವನ ಹೆಗಲು ಬರುತ್ತಿತ್ತು. ಬಲ ಹೆಗಲಿಗೆ ಕಾಲು ಒತ್ತಿದರೆ ಬಲಕ್ಕೆ, ಎಡ ಹೆಗಲಿಗೆ ಒತ್ತಿದರೆ ಎಡಕ್ಕೆ, ಬೆನ್ನಿನ ನಡುವೆ ಒತ್ತಿದರೆ ನಿಲ್ಲು.

ಹಿಂದಿನ ದಿನ ಇದನ್ನು ಹೇಳಿದಾಗ ಹೆಂಡತಿ ಹುಲಿಗೆಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದ್ದಳು.

"ಅವ್ನು ನಿಮ್ಮ ಹೆಗಲ ಮೇಲೆ ಕಾಲಿಡ್ತಾನಾ?"

"ಗಾಡಿ ರಿವಾಜು ಕಣೇ ಅದು. ಮೇಜರ್ ಸಾಹೇಬ್ರೂ ಇಟ್ಟಿದ್ರು."

"ಮೇಜರ್ ಸಾಹೇಬ್ರು ನಿಮ್ಮ ಅನ್ನ ಕಿತ್ಕೊಂಡಿರ್ಲಿಲ್ಲ. ಇವ್ನು ಎರಡು ವರ್ಷದ ಹಿಂದೇನೇ ತಲೆ ಮೇಲೆ ಕಾಲಿಟ್ಟೋನು. ಈಗ ಹೆಗಲು ಬೇರೆ ಕೊಡ್ತೀರಾ?" ಎಂದವಳು, ಮತ್ತೆ ರೊಟ್ಟಿಗೆ ಕೈ ಹಾಕಿ, "ನೋಡ್ಕೊಂಡು ಓಡ್ಸಿ ಮಾರಾಯ್ರೇ. ಅವ್ನು ಬಲಕ್ಕೆ ಅಂದ್ರೆ ಎಡಕ್ಕೊಂದ್ಸಲ ನೋಡಿ" ಎಂದಿದ್ದಳು.

ನೋಡುವುದಕ್ಕೆ ಕಿಂಡಿಯಿಲ್ಲ ಎಂದು ಪುಟ್ಟಪ್ಪ ಅವಳಿಗೆ ಹೇಳಿರಲಿಲ್ಲ.

ಬೆಳಿಗ್ಗೆ ಏಳೂವರೆಗೆ ಹೊರಟರು. ಪೊಲೀಸರ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಕಾನ್‌ಸ್ಟೇಬಲ್ ಕಾಂತರಾಜ್ ಮೋಟಾರ್ ಸೈಕಲ್ಲಿನಲ್ಲಿ ಮುಂದೆ ಹೋದ. ಅವನ ಹಿಂದೆ ಕೆಂಪು ಬಾವುಟ ಕಟ್ಟಿಕೊಂಡ ಗಾಡಿ. ಒಳಗೆ ಕೂತ ಕೂಡಲೆ ಪುಟ್ಟಪ್ಪನ ಕೈಕಾಲು ತಾವೇ ತಾವಾಗಿ ಹಳೆಯ ಜಾಗಗಳನ್ನು ಹುಡುಕಿಕೊಂಡವು. ಎಣ್ಣೆ, ಬಿಸಿ ಕಬ್ಬಿಣ, ಹಳೆಯ ರಬ್ಬರಿನ ವಾಸನೆ. ಒಂದು ಗಳಿಗೆ ಅವನಿಗೆ ಸುಖವೆನ್ನಿಸಿತು. ಆ ಸುಖ ಅಂಗಳದ ಗೇಟಿನವರೆಗೆ ಮಾತ್ರ.

ಗೇಟು ದಾಟಿ ಬಲಕ್ಕೆ ಹೊರಳಬೇಕು. ಹೆಗಲಿಗೆ ಏನೂ ತಾಗಲಿಲ್ಲ. ನೊಣ ಕೂತು ಎದ್ದಂತೆ ಅಂಗಿಯ ಬಟ್ಟೆ ಒಂದಿಷ್ಟು ಅಲುಗಿತು. ಇದು ಕಾಲೋ ಗಾಳಿಯೋ ಎಂದು ಪುಟ್ಟಪ್ಪ ಲೆಕ್ಕ ಹಾಕುವಷ್ಟರಲ್ಲಿ ಕಿಂಡಿಯ ತುಂಬ ವಿದ್ಯುತ್ ಕಂಬವೊಂದು ಬಂದು ನಿಂತಿತ್ತು. ಬ್ರೇಕು ಒತ್ತಿ, ಸ್ಟೇರಿಂಗು ಎಳೆದು, ಹೇಗೋ ತಪ್ಪಿಸಿದ.

"ಒತ್ತೋ ಮಾರಾಯಾ! ಗಟ್ಟಿ ಒತ್ತು!" ಎಂದು ಕೂಗಿದ.

"ಒತ್ತಿದೆ ಪುಟ್ಟಪ್ಪಣ್ಣಾ!" ಎಂದು ಮೇಲಿನಿಂದ ದನಿ ಬಂತು.

ಒತ್ತಿದೆ. ಬಡ್ಕೊಂಡೆ. ಅದೇ ರಾಗ, ಅದೇ ತಾಳ. ಪುಟ್ಟಪ್ಪ ಹಲ್ಲು ಕಚ್ಚಿದ.

ಕಡದಕಟ್ಟೆಯ ರೈಲ್ವೆ ಗೇಟಿನ ಹತ್ತಿರ ಇನ್ನೊಂದು. ಗೇಟು ಹಾಕಿತ್ತು. ಬೆನ್ನಿನ ನಡುವೆ ಒತ್ತಬೇಕಾದದ್ದು ತಡವಾಗಿ, ಹೆದರಿದ ಬೆಕ್ಕಿನ ಕಾಲಿನಂತೆ ತಾಗಿತು. ಗಾಡಿಯ ಮೂತಿ ಗೇಟಿನ ಕಂಬಿಗೆ ಮೊಳ ದೂರದಲ್ಲಿ ನಿಂತಿತು. ಗೇಟಿನವನು ಓಡಿಬಂದು, "ರೈಲಿಗೆ ಗುದ್ದಕ್ಕೆ ಬಂದಿದ್ದೀರೇನ್ರಿ?" ಎಂದು ಬೈದ. ರೈಲು ದಾಟಿಹೋಗುವವರೆಗೆ ಪುಟ್ಟಪ್ಪ ಯೋಚಿಸಿದ. ಬೇಕೆಂದೇ ಮೆತ್ತಗೆ ಒತ್ತುತ್ತಿದ್ದಾನೆ. ಏನಾದರೂ ಆದರೆ, ನಾನು ಒತ್ತಿದೆ, ಅವನಿಗೆ ತಿಳಿಯಲಿಲ್ಲ ಎನ್ನಬಹುದು. ಸಾಕ್ಷಿಗೆ ಯಾರಿದ್ದಾರೆ? ಕಾಲು ತಾಗಿತೋ ಇಲ್ಲವೋ ಎಂದು ಹೇಳುವುದಕ್ಕೆ ಈ ಉಕ್ಕಿನ ಹೊಟ್ಟೆಯಲ್ಲಿ ಮೂರನೆಯವರಿಲ್ಲ.

ಆಮೇಲೆ ಅವನು ಇನ್ನೊಂದನ್ನು ಗಮನಿಸಿದ. ಸೂರ್ಯ ಹಿಂದಿನಿಂದ ಏರುತ್ತಿದ್ದ. ನೆತ್ತಿಯ ಬಾಯಿಂದ ಇಳಿದ ಬಿಸಿಲು ಪುಟ್ಟಪ್ಪನ ಮುಂದಿನ ತಗಡಿನ ಮೇಲೆ ಬೀಳುತ್ತಿತ್ತು. ಅದರ ನಡುವೆ ಮಲ್ಲೇಶನ ನೆರಳು. ಕಾಲು ತಾಗಿದಾಗಲೆಲ್ಲ, ತಾಗಿದ ಮರುಗಳಿಗೆಯೇ, ಆ ನೆರಳು ಕುಗ್ಗುತ್ತಿತ್ತು. ತಲೆ ಕೆಳಗೆ ಬಂದು ಮತ್ತೆ ಮೇಲೆ ಹೋಗುತ್ತಿತ್ತು. ಒಮ್ಮೆಯಲ್ಲ, ಪ್ರತಿ ಸಲವೂ. ಅಂದರೆ ದಾರಿ ತೋರಿಸಿದ ಕೂಡಲೆ ಅವನು ರಸ್ತೆ ಬಿಟ್ಟು ಒಳಗೆ ಅವಿತುಕೊಳ್ಳುತ್ತಿದ್ದಾನೆ. ಯಾಕೆ? ಗುದ್ದಿದರೆ ತನಗೆ ಪೆಟ್ಟಾಗದಿರಲಿ ಎಂದೇ? ಬರಿಗಾಲು, ಮೆತ್ತನೆಯ ಒತ್ತು, ಅವಿತುಕೊಳ್ಳುವ ತಲೆ. ಮೂರನ್ನೂ ಜೋಡಿಸಿದರೆ ಪುಟ್ಟಪ್ಪನಿಗೆ ಒಂದೇ ಅರ್ಥ ಕಾಣುತ್ತಿತ್ತು.

ನಿದಿಗೆಯಲ್ಲಿ ಇಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದರು. ನಿಲ್ಲಿಸಿದ್ದೇ ತಡ, ಹೋಟೆಲಿನಲ್ಲಿ ಕೂತಿದ್ದವರೆಲ್ಲ ಲೋಟ ಹಿಡಿದುಕೊಂಡೇ ಎದ್ದುಬಂದರು. ಹತ್ತಿರ ಬರದೆ, ಬೀದಿನಾಯಿಯನ್ನು ನೋಡುವಂತೆ ನಾಲ್ಕು ಮಾರು ದೂರ ನಿಂತರು.

"ಒಳಗಡೆ ಏನೈತೆ?" ಎಂದ ಒಬ್ಬ.

"ಏನಿಲ್ಲ, ಖಾಲಿ" ಎಂದ ಕಾಂತರಾಜ್.

"ಖಾಲಿ ಗಾಡಿಗೆ ಪೊಲೀಸ್ ಯಾಕೆ?"

ಅವರೆಕಾಯಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹಾಲಮ್ಮ ಎಂಬ ಮುದುಕಿ ಕೂತಲ್ಲಿಂದಲೇ ಕೇಳಿದಳು: "ಯುದ್ಧ ಮುಗೀತು ಅಂತ ರೇಡಿಯೋದಲ್ಲಿ ಹೇಳಿದ್ರಲ್ಲಪ್ಪ. ಮತ್ತೆ ಯಾರನ್ನ ಹಿಡ್ಯಕ್ಕೆ ಹೊಂಟ್ರಿ? ನಮ್ಮೂರೋರು ಯಾರೂ ಏನೂ ಮಾಡಿಲ್ಲ."

ಅಷ್ಟರಲ್ಲಿ ಶಿವಮೊಗ್ಗದ ಬಸ್ಸು ಬಂದು ನಿಂತಿತು. ಜನ್ನಾಪುರದ ಯೋಗರಾಜ್ ಕಿಟಕಿಯಿಂದ ಅರ್ಧ ದೇಹ ಹೊರಹಾಕಿದ. "ಏನ್ ಪುಟ್ಟಪ್ಪಣ್ಣ! ಡೇರೆಗೆ ಸಾಂಬಾರ್ ತಗೊಂಡು ಹೋಗ್ತಿದೀರಾ? ಉಪ್ಪು ನೋಡಿದ್ರಾ?" ಬಸ್ಸಿನೊಳಗೆ ನಗು ಹರಡಿತು. ಬಸ್ಸು ಹೊರಟುಹೋದ ಮೇಲೂ ಅದು ಪುಟ್ಟಪ್ಪನ ಕಿವಿಯಲ್ಲಿ ಉಳಿಯಿತು.

ನೀರು ಹುಯ್ಯುತ್ತಾ ಅವನು ತಿರುಗಿ ನೋಡಿದ. ಮಲ್ಲೇಶ ಹುಣಸೆಮರದ ಮರೆಯಲ್ಲಿ ಕಾಂತರಾಜನೊಂದಿಗೆ ಪಿಸುಗುಟ್ಟುತ್ತಿದ್ದ. ಶಿವಮೊಗ್ಗದ ಕಡೆಗೆ ಕೈ ಮಾಡಿ ಏನನ್ನೋ ತೋರಿಸಿದ. ಕಾಂತರಾಜ್ ನಕ್ಕು ತಲೆಯಾಡಿಸಿದ. ಪುಟ್ಟಪ್ಪನನ್ನು ಕಂಡ ಕೂಡಲೆ ಇಬ್ಬರೂ ಮಾತು ನಿಲ್ಲಿಸಿದರು.

"ಏನ್ ಗುಟ್ಟು?" ಎಂದ ಪುಟ್ಟಪ್ಪ.

"ಏನಿಲ್ಲ ಬಿಡಣ್ಣ" ಎಂದು ಮಲ್ಲೇಶ ನೆಲ ನೋಡಿದ. ಅವನ ಬರಿಗಾಲಿನ ಬೆರಳುಗಳು ಮಣ್ಣನ್ನು ಕೆದಕುತ್ತಿದ್ದವು.

"ಮುಂದೆ ತುಂಗೆ ಸೇತುವೆ ಇದೆ. ಕಿರಿದು. ಗೊತ್ತಲ್ಲ?"

"ಗೊತ್ತು."

"ಅಲ್ಲಿ ಏನಾದ್ರೂ ಆದ್ರೆ ನಾನೊಬ್ನೇ ಹೋಗಲ್ಲ, ಮಲ್ಲೇಶ. ಇದು ಗಿರಣಿ ಗೋಡೆ ಅಲ್ಲ."

ಮಲ್ಲೇಶನ ಮುಖ ಕಪ್ಪಿಟ್ಟಿತು. ಕೈ ಅಂಗಿಯ ಜೇಬಿಗೆ ಹೋಗಿ ಬೀಡಿ ಕಟ್ಟನ್ನು ಮುಟ್ಟಿ, ಹಾಗೆಯೇ ಹಿಂದೆ ಬಂತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ ಎಂದುಕೊಂಡು ಪುಟ್ಟಪ್ಪ ಗಾಡಿಯೊಳಗೆ ಇಳಿದ.

ಮಲವಗೊಪ್ಪ ಕಳೆದು ವಿದ್ಯಾನಗರ ಬಂತು. ರಸ್ತೆಯಲ್ಲಿ ಸೈಕಲ್ಲು, ಆಟೋ, ಕಬ್ಬಿನ ಗಾಡಿಗಳ ಸದ್ದು ದಪ್ಪವಾಯಿತು. ಪುಟ್ಟಪ್ಪ ಈಗ ಹೆಗಲನ್ನು ನಂಬದೆ ಕಿಂಡಿಯ ಪಟ್ಟಿಯೊಂದನ್ನೇ ನಂಬಿ ಓಡಿಸುತ್ತಿದ್ದ. ಕುತ್ತಿಗೆ ಮರಗಟ್ಟಿತ್ತು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ.

ಸೇತುವೆ ಹತ್ತಿದರು. ಅರ್ಧ ದಾರಿಯಲ್ಲಿ ಎದುರಿಗೆ ಬಸ್ಸು. ಕಿಂಡಿಯ ತುಂಬ ಅದರ ಮೂತಿ, ಅದರ ಮೇಲಿನ ದೇವರ ಪಟ, ಚೆಂಡುಹೂವಿನ ಹಾರ. ಎಡ ಹೆಗಲಿಗೆ ಕಾಲು ತಾಗಿತು. ಈ ಸಲ ಸ್ವಲ್ಪ ಗಟ್ಟಿಯಾಗಿಯೇ. ನಂಬಲೋ ಬೇಡವೋ ಎಂದು ಕೇಳಿಕೊಳ್ಳುವಷ್ಟು ಹೊತ್ತಿರಲಿಲ್ಲ. ಪುಟ್ಟಪ್ಪ ಎಡಕ್ಕೆ ಎಳೆದ. ಬಸ್ಸು ಕಿಂಡಿಯಿಂದ ಜಾರಿತು. ಈಗ ಬಲ ಹೆಗಲಿಗೆ ತಾಗಬೇಕು, ಗಾಡಿಯನ್ನು ನೇರ ಮಾಡಬೇಕು. ಒಂದು, ಎರಡು. ತಾಗಲಿಲ್ಲ. ಮುಂದಿನ ತಗಡಿನ ಮೇಲೆ ನೆರಳು ಕುಗ್ಗಿತು. ಮರುಗಳಿಗೆಯಲ್ಲಿ ಎಡಗಡೆಯಿಂದ ಕಬ್ಬಿಣ ಸೇತುವೆಯ ಕಲ್ಲುಗೋಡೆಯನ್ನು ತೇಯುವ ಸದ್ದು ಗಾಡಿಯ ತುಂಬ ಕಿರುಚಿತು.

ಬ್ರೇಕು ಒತ್ತಿದವನೇ ಪುಟ್ಟಪ್ಪ ಮರಗಟ್ಟಿದ ಕುತ್ತಿಗೆಯನ್ನು ಹೊರಳಿಸಿ ಹಿಂದೆ ನೋಡಿದ. ಇವತ್ತು ಕಣ್ಣಾರೆ ಹಿಡಿಯುತ್ತೇನೆ ಎಂದುಕೊಂಡೇ ನೋಡಿದ.

ಮಲ್ಲೇಶ ಬಾಗಿ ಒಳಗೆ ಬಂದಿದ್ದ. ಅವನ ಬಲಗೈಯ ಬೆರಳುಗಳು ಪುಟ್ಟಪ್ಪನ ಎಡ ಹೆಗಲನ್ನು ಆಗತಾನೆ ಮುಟ್ಟಿ ಎದ್ದಿದ್ದವು. ಪುಟ್ಟಪ್ಪ ನೋಡುತ್ತಿದ್ದಂತೆಯೇ ಆ ಬೆರಳುಗಳು ಹೋಗಿ ಮಲ್ಲೇಶನ ಎರಡೂ ಕಣ್ಣುಗಳನ್ನು ಒತ್ತಿಕೊಂಡವು.

ಇಂಜಿನು ನಿಂತಿತ್ತು. ಕೆಳಗೆ ತುಂಗೆಯಲ್ಲಿ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

"ಏನೋ ಮಾಡ್ತಾ ಇದ್ದೀಯ ನೀನು?"

"ಕಾಲು ತಾಗ್ತಲ್ಲ ಅಣ್ಣ" ಎಂದ ಮಲ್ಲೇಶ. "ದೊಡ್ಡೋರಿಗೆ ಕಾಲು ತಾಗ್ಸಿ ಸುಮ್ನಿರೋಕೆ ಆಗುತ್ತಾ? ಕೈ ತಾನಾಗೇ ಹೋಗುತ್ತೆ. ತಡೀಬೇಕು ಅಂತ ನೋಡ್ದೆ, ಆಗ್ಲಿಲ್ಲ."

"ಭದ್ರಾವತಿಯಿಂದ ಇದೇ ಮಾಡ್ಕೊಂಡು ಬಂದ್ಯಾ?"

"ಹೂಂ. ಚಪ್ಪಲಿ ಕಾಲಲ್ಲಿ ಹೆಗಲು ಮುಟ್ಟಬಾರ್ದು ಅಂತ ಅದನ್ನೂ ಬಿಟ್ಟೆ. ನಿದಿಗೇಲಿ ಕಾಂತರಾಜ್‌ಗೆ ಹೇಳ್ದೆ, ಸೇತುವೆ ಹತ್ರ ನೀವು ನಿಲ್ರಿ, ಬೂಟು ಹಾಕೋ ಕಾಲು ನಿಮ್ದು, ನಿಮಗೆ ಅಭ್ಯಾಸ ಇರುತ್ತೆ ಅಂತ. ನಗ್ತಾನೆ ಅವ್ನು."

ಹಿಂದೆ ವಾಹನಗಳು ಸಾಲುಗಟ್ಟಿ ಹಾರನ್ ಹೊಡೆಯತೊಡಗಿದ್ದವು. ಪುಟ್ಟಪ್ಪನಿಗೆ ಸಿಟ್ಟು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಬೆಳಗಿನಿಂದ ಜೋಡಿಸಿಟ್ಟ ಅರ್ಥ ಹೀಗೆ ಒಂದೊಂದಾಗಿ ಕಳಚಿದರೆ ಮನುಷ್ಯ ಏನನ್ನು ಹಿಡಿದುಕೊಳ್ಳಬೇಕು?

"ಕೇಳಿಲ್ಲಿ" ಎಂದ. "ಇಲ್ಲಿಂದ ಗಾಂಧಿ ಬಜಾರಿಗೆ ಇನ್ನೊಂದು ಇಪ್ಪತ್ತು ಸಲ ತಾಗುತ್ತೆ ಅಂತ ಇಟ್ಕೊ. ಅಷ್ಟಕ್ಕೂ ಸೇರಿಸಿ ಈಗ್ಲೇ ಒಂದ್ಸಲ ನಮಸ್ಕಾರ ಮಾಡ್ಬಿಡು. ಆಮೇಲೆ ಕೈ ಕೆಳಗಿಳಿದ್ರೆ ಮುರೀತೀನಿ. ಕಣ್ಣು ರಸ್ತೆ ಮೇಲಿರ್ಲಿ, ಕಾಲು ನನ್ನ ಮೇಲಿರ್ಲಿ. ಒದಿ. ಕತ್ತೆಗೆ ಒದ್ದಂಗೆ ಒದಿ."

ಮಲ್ಲೇಶ ಆ ಇಕ್ಕಟ್ಟಿನಲ್ಲೇ ಮಂಡಿ ಮಡಿಸಿದ. ಎರಡೂ ಕೈಯಿಂದ ಪುಟ್ಟಪ್ಪನ ಎರಡೂ ಹೆಗಲು ಮುಟ್ಟಿದ. ಕಣ್ಣಿಗೆ ಒತ್ತಿಕೊಂಡ. ಕೈ ಕಣ್ಣಿನ ಮೇಲಿದ್ದಂತೆಯೇ, ಮುಖ ತೋರಿಸದೆ, ಹೇಳಿದ:

"ಇದ್ರಲ್ಲಿ ಇನ್ನೊಂದೂ ಸೇರಿಸ್ಕೊ ಅಣ್ಣ. ಅವತ್ತು ಗಿರಣೀಲಿ ನಾನು ನಿಲ್ಸು ಅಂತ ಕೂಗ್ಲಿಲ್ಲ."

ಪುಟ್ಟಪ್ಪ ಸೀಟಿನಲ್ಲೇ ಪೂರ್ತಿ ಹಿಂದಕ್ಕೆ ತಿರುಗಿ ಕೂತ.

"ಬೀಡಿ ಹಚ್ತಾ ಇದ್ದೆ. ಗಾಳಿಗೆ ಕಡ್ಡಿ ಆರಿಹೋಗ್ತಿತ್ತು, ಆ ಕಡೆ ತಿರುಗ್ದೆ. ಇಷ್ಟೇ ಹೊತ್ತು. ಈ ಕಡೆ ನೋಡೋದ್ರೊಳಗೆ ಗೋಡೆ ಬಿದ್ದಿತ್ತು. ಮೂರ್ತಿ ಕಾಲು ನೋಡಿ ಬಾಯಿ ತಾನಾಗೇ ಸುಳ್ಳು ಹೇಳ್ತು. ಒಂದ್ಸಲ ಹೇಳಿದ್ಮೇಲೆ ಅದನ್ನೇ ಹೇಳ್ಬೇಕಾಯ್ತು."

"ತಂಗಿ ಗಂಡನಿಗೆ ಸೀಟು ಬೇಕಿತ್ತು ಅಂತಲ್ವಾ?"

"ಅವ್ನು ಆಮೇಲೆ ಬಂದು ಕೇಳ್ದ. ನನ್ನ ತಂಗಿ ಆಣೆ."

ಎರಡು ವರ್ಷ. ಒಂದು ಬೀಡಿ. ದ್ವೇಷವಾಗಿದ್ದರೆ ಅದಕ್ಕೊಂದು ತೂಕವಾದರೂ ಇರುತ್ತಿತ್ತು ಎನ್ನಿಸಿ ಪುಟ್ಟಪ್ಪನಿಗೆ ಮೈ ಉರಿಯಿತು. ಆದರೆ ಹಿಂದೆ ಬಸ್ಸು, ಲಾರಿ, ಅರ್ಧ ಶಿವಮೊಗ್ಗ ಕೂಗುತ್ತಿತ್ತು. ಅವನು ಇಂಜಿನ್ ಶುರು ಮಾಡಿದ.

ಬಲ ಹೆಗಲಿಗೆ ಒದೆ ಬಿತ್ತು. ಹಿಮ್ಮಡಿಯ ಒದೆ, ಮೂಳೆಗೆ ತಾಗಿತು. ಗಾಡಿ ಕಲ್ಲು ಬಿಟ್ಟು ನೇರವಾಯಿತು. ತಗಡಿನ ಮೇಲಿನ ನೆರಳು ಕಂಬದಂತೆ ನಿಂತಿತ್ತು, ಕುಗ್ಗಲಿಲ್ಲ. ಸೇತುವೆ ಇಳಿದು ಎಡಕ್ಕೊಂದು, ಬಲಕ್ಕೆರಡು, ತರಕಾರಿ ಕೈಗಾಡಿಯ ಎದುರು ಬೆನ್ನಿಗೊಂದು. ಬಟ್ಟೆ ಅಂಗಡಿಗಳ ನಡುವಿನ ಸಂದಿಯಲ್ಲಿ ಎರಡೂ ಕಡೆ ಗೇಣು ಗೇಣು ಜಾಗವಿತ್ತು ಎಂದು ಆಮೇಲೆ ನೋಡಿದವರು ಹೇಳಿದರು. ಪುಟ್ಟಪ್ಪ ಅದನ್ನು ನೋಡಲಿಲ್ಲ. ಅವನು ಹೆಗಲಿನಿಂದ ಓಡಿಸಿದ. ಓಡಿಸುತ್ತಲೇ, ಈಗ ಹೇಳಿದ್ದನ್ನು ಇವನು ಯಜಮಾನರ ಎದುರು ಹೇಳುತ್ತಾನೆಯೇ ಎಂದು ಲೆಕ್ಕ ಹಾಕಿದ. ಹೇಳುವುದಿಲ್ಲ ಎಂದೇ ಅವನಿಗೆ ಅನ್ನಿಸಿತು. ಸೇತುವೆಯ ಮೇಲಿನ ಮಾತು ಸೇತುವೆಯಲ್ಲೇ ಉಳಿಯುತ್ತದೆ. ಇದಕ್ಕೂ ಮೂರನೆಯವರ ಸಾಕ್ಷಿಯಿಲ್ಲ.

ಕಟ್ಟೆಯ ಹತ್ತಿರ ಜನ ಸೇರಿದ್ದರು. ಷಡಕ್ಷರಪ್ಪನವರು ಬಿಳಿ ಪಂಚೆಯ ಚುಂಗು ಹಿಡಿದುಕೊಂಡು ಗಾಡಿಯನ್ನು ಒಂದು ಸುತ್ತು ಬಂದರು. ಎಡ ಮಡ್‌ಗಾರ್ಡಿನ ಹತ್ತಿರ ನಿಂತರು. ಹಸಿರು ಬಣ್ಣ ಮೊಳದುದ್ದ ಎದ್ದುಹೋಗಿ ಉಕ್ಕು ಹೊಳೆಯುತ್ತಿತ್ತು.

"ತಾಗಿಸ್ದೆ" ಎಂದರು. ಬೈಯಲಿಲ್ಲ. ಗೊತ್ತಿದ್ದದ್ದೇ ಆಯಿತು ಎಂಬ ದನಿ. "ಅವತ್ತೂ ಹಿಂಗೇ. ನಿನ್ನ ಕೈ ಗುಣ ಹೋಗಲ್ವಲ್ಲೋ ಪುಟ್ಟಪ್ಪ."

ಪುಟ್ಟಪ್ಪ ಮಲ್ಲೇಶನನ್ನು ನೋಡಿದ. ಮಲ್ಲೇಶ ಗಾಡಿಯ ನೆತ್ತಿಯಿಂದ ಇಳಿದು, ಬಿಸಿಲಿಗೆ ಕಾದ ರಸ್ತೆಯ ಮೇಲೆ ಕಾಲು ಬದಲಿಸುತ್ತ ನಿಂತಿದ್ದ. ಅವನ ಕೈ ಬೀಡಿಯ ಜೇಬಿಗೆ ಹೋಯಿತು. ಹೋಗಲಿ ಎಂದುಕೊಂಡ ಪುಟ್ಟಪ್ಪ. ಹಚ್ಚಲಿ. ನನಗೇನು ಹೊಸದೇ?

ಕೈ ಬರಿದಾಗಿಯೇ ಹಿಂದೆ ಬಂತು.

"ಅದು ನಂದು ಯಜಮಾನ್ರೇ."

"ಯಾವ್ದು?"

"ಎರಡೂ" ಎಂದ ಮಲ್ಲೇಶ. "ಇವತ್ತಿಂದೂ, ಗಿರಣೀದೂ."

ಷಡಕ್ಷರಪ್ಪನವರು ಒಮ್ಮೆ ಇವನನ್ನು, ಒಮ್ಮೆ ಅವನನ್ನು ನೋಡಿದರು. ದಾರಿಯಲ್ಲಿ ಇವರಿಬ್ಬರೂ ಸೇರಿ ಏನೋ ಮಾತಾಡಿಕೊಂಡು ಬಂದಿದ್ದಾರೆ ಎಂಬ ಸಂಶಯ ಅವರ ಕಣ್ಣಿನಲ್ಲಿ ಕಾಣುತ್ತಿತ್ತು. ಕೊನೆಗೆ, "ನಿನ್ನ ತಂಗಿ ಗಂಡನ ಗತಿ?" ಎಂದು ಕೇಳಿದರು.

"ಮೂಟೆ ಹೊರ್ಲಿ. ನಾನೂ ಹೊರ್ತೀನಿ."

"ಸೋಮವಾರ ಬಾ, ಪುಟ್ಟಪ್ಪ. ಬೀಗದ ಕೈ ಕೊಡ್ತೀನಿ."

"ಬರ್ತೀನಿ" ಎಂದ ಪುಟ್ಟಪ್ಪ. ಒಂದು ಹೆಜ್ಜೆ ಹೋದವನು ತಿರುಗಿ, "ಹಿಂದೆ ನಿಲ್ಲೋನ ಜೇಬು ನಾನೇ ತಡವಿ ನೋಡ್ತೀನಿ. ಬೆಂಕಿಪೊಟ್ಟಣ ಇರ್ಬಾರ್ದು" ಎಂದ. ಅದನ್ನು ಅವನು ನಗದೆ ಹೇಳಿದ. ಮಲ್ಲೇಶನೂ ನಗಲಿಲ್ಲ.

ಸಂಜೆ ಜನ್ನಾಪುರದ ಮನೆಯಲ್ಲಿ ಅಂಗಿ ಬಿಚ್ಚಿದಾಗ ಹುಲಿಗೆಮ್ಮ ದೀಪದ ಹತ್ತಿರ ಕರೆದು ನೋಡಿದಳು. ಎರಡೂ ಹೆಗಲು ಊದಿಕೊಂಡು ಹಿಮ್ಮಡಿಯ ಗುರುತು ಕೆಂಪಗೆ ಎದ್ದಿತ್ತು.

"ಅಯ್ಯೋ, ನಾನು ಹೇಳ್ಲಿಲ್ವಾ! ಒದ್ದಿದಾನೆ ಆ ಮನೆಹಾಳ. ನೀವು ಸುಮ್ನೆ ಬಿಟ್ಟು ಬಂದ್ರಾ?"

"ನಾನೇ ಒದಿ ಅಂದೆ."

ಹುಲಿಗೆಮ್ಮ ಎಣ್ಣೆಯ ಬಟ್ಟಲು ಹಿಡಿದುಕೊಂಡು ಗಂಡನ ಮುಖವನ್ನೇ ನೋಡಿದಳು. ಅವಳು ಅದನ್ನು ನಂಬಲಿಲ್ಲ.